ಹುಸಿಚೇಳು: ಹೆಸರು ಮತ್ತು ವರ್ಗೀಕರಣ

ಚೇಳನ್ನು ಹೋಲುವ, ಆದರೆ ಬಾಲವೂ ಕೊಂಡಿಯೂ ಇಲ್ಲದ, ಕೆಲವೇ ಮಿಲಿಮೀಟರ್ ಉದ್ದದ ಜೀವಿಗಳ ಗಣವೊಂದಿದೆ. 'ಸ್ಯೂಡೋಸ್ಕಾರ್ಪಿಯನ್' ಎಂಬ ಅದರ ಹೆಸರನ್ನು ಪದಶಃ ಕನ್ನಡಿಸಿದರೆ 'ಹುಸಿಚೇಳು' ಎಂದಾಗುತ್ತದೆ. ಕನ್ನಡದ ಜೀವಿನಾಮಗಳ ರಚನೆಗೆ ಈ ಅನುವಾದ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ವಿಚಾರಾರ್ಹ.

ಈ ಗಣದಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮಾರ್ಕ್ ಹಾರ್ವೆ 1992ರಲ್ಲಿ ಇವನ್ನು ಇಕ್ಕಳಗಳಲ್ಲಿ ವಿಷಗ್ರಂಥಿ ಇಲ್ಲದವು, ಇರುವವು ಎಂದು ಎರಡು ಉಪಗಣಗಳಾಗಿ ವಿಂಗಡಿಸಿದರು. ಎರಡನೆಯದರ ಕೆಲಿಫೆರಿಡೇ ಕುಟುಂಬಕ್ಕೆ ಸೇರಿದ ಎಲ್ಲಿಂಗ್ಸೇನಿಯಸ್ ಕುಲವನ್ನು ಸ್ಥಾಪಿಸಿದವರು ಜೋಸೆಫ್ ಚೇಂಬರ್ಲಿನ್ (1932). ಇದರ ಹೆಚ್ಚಿನ ಪ್ರಭೇದಗಳು ಆಫ್ರಿಕಾದವು. 'ಇಂಡಿಕಸ್' ಭಾರತದ್ದು, ದಕ್ಷಿಣ ಭಾರತದ ಜೇನುಗೂಡುಗಳಲ್ಲಿ ದಾಖಲಾದದ್ದು. ಇವು ಜೇನ್ನೊಣದ ಕಾಲನ್ನು ಇಕ್ಕಳದಿಂದ ಹಿಡಿದು ಗೂಡಿನಿಂದ ಗೂಡಿಗೆ ಸಾಗುತ್ತವೆ. ಆದ್ದರಿಂದ ಈ ಕುಲದ ಹರಡುವಿಕೆಯನ್ನು ಜೇನಿನ ಹರಡುವಿಕೆಯಿಂದ ಬೇರ್ಪಡಿಸಿ ನೋಡಲಾಗದು.

ಜೇನಿನ ಹೆಸರುಗಳನ್ನೇ ಗಮನಿಸಬಹುದು. ಹೆಜ್ಜೇನು ಗಾತ್ರದಿಂದ, ಕೋಲುಜೇನು ಗೂಡು ಕಟ್ಟುವ ನೆಲೆಯಿಂದ ಹೆಸರು ಪಡೆದಿವೆ. ಕರಿಚೇಳು, ಕೆಂಚೇಳುಗಳಲ್ಲಿ ಬಣ್ಣವೇ ಆಧಾರ. ಕಣ್ಣಿಗೆ ಕಾಣುವ ಲಕ್ಷಣವು ವಿಶೇಷಣವಾಗಿ ನಿಲ್ಲುವ ಕರ್ಮಧಾರಯವೇ ಇಲ್ಲಿನ ವರ್ಗೀಕರಣದ ಕ್ರಮ. ನಿಜ–ಹುಸಿ ಎಂಬ ಭೇದ ಇದಕ್ಕೆ ಹೊರಗಿನದು. (ಹಳಗನ್ನಡದ 'ತೇಳ್' 'ಚೇಳ್' ಆದಾಗಲೂ ತಮಿಳು, ಮಲಯಾಳಗಳು ತಕಾರವನ್ನೇ ಉಳಿಸಿಕೊಂಡವು, ಪದ ಅಷ್ಟು ಪ್ರಾಚೀನ.)

'ಹುಸಿ' ಎಂಬ ವಿಶೇಷಣಕ್ಕೆ ವಿಜ್ಞಾನದ ಬೆಂಬಲವೂ ಈಗ ಕುಗ್ಗಿದೆ. ದೇಹರಚನೆಯ ಆಧಾರದಿಂದ ಈ ಜೀವಿಗಳನ್ನು ಬಹುಕಾಲ ಸೊಲಿಫ್ಯೂಗೆ ಎಂಬ ಬೇರೊಂದು ಗಣದ ಬಳಿ ಇರಿಸಲಾಗಿತ್ತು. 2021ರಲ್ಲಿ ಪ್ರಕಟವಾದ ತಳಿಗುಣಾಧಾರಿತ ಅಧ್ಯಯನವು ಚೇಳುಗಳೇ ಇವುಗಳ ಅತಿ ಸಮೀಪದ ಬಂಧುಗಳೆಂದು ತೋರಿಸಿತು. ಹುಸಿ ಎನಿಸಿಕೊಂಡದ್ದು ಚೇಳಿನ ಒಡಹುಟ್ಟೇ ಆಗಿರುವಾಗ, ಕೊಂಡಿಯಿಲ್ಲದ ಮೊಟಕು ದೇಹವನ್ನು ಸೂಚಿಸುವ 'ಮೋಟುಚೇಳು' ಹೆಚ್ಚು ಯುಕ್ತವಾದ ಪದವೆನಿಸುತ್ತದೆ.

ಆದರೆ ಪದವನ್ನು ಟಂಕಿಸುವ ಮೊದಲು ಬಳಕೆಯಲ್ಲಿರುವುದನ್ನು ಅರಸುವುದು ನ್ಯಾಯ. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿರುವ ಜೇನುಕುರುಬರ ಹೆಸರಿನಲ್ಲೇ ಜೇನಿದೆ; ಗೂಡಿನೊಳಗನ್ನು ತಲೆಮಾರುಗಳಿಂದ ಬಲ್ಲವರು ಅವರು. ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಪೆಟ್ಟಿಗೆಯಲ್ಲಿ ತುಡುವೆ ಸಾಕುವವರನ್ನೂ ಕೇಳಬೇಕು. ಕ್ಷೇತ್ರಕಾರ್ಯದಲ್ಲಿ 'ಹುಸಿಚೇಳಿಗೆ ಏನೆನ್ನುತ್ತೀರಿ?' ಎಂದು ಕೇಳಿದರೆ ಉತ್ತರ ಪ್ರಶ್ನೆಯಲ್ಲೇ ಅಡಗಿಬಿಡುತ್ತದೆ. ಎರಿಯ ಮೇಲೆ ಹರಿದಾಡುವ ಜೀವಿಯನ್ನೇ ತೋರಿಸಿ, ಮೊದಲು ಅವರು ಆಡುವ ಮಾತನ್ನು ಬರೆದುಕೊಳ್ಳಬೇಕು.