ಮುಪ್ಪಿನ ಆಸರೆ

ಖಂಡೋಬನ ಗುಡಿಯಿಂದ ಹೆಸರಾದ ಮಂಗಸೂಳಿಯು ಕಾಗವಾಡ ತಾಲೂಕಿನ ಗಡಿಗ್ರಾಮ. ಇಂಥ ಊರುಗಳಲ್ಲಿ ಮುಪ್ಪಿಗೆ ಮನೆಯೇ ಆಸರೆ. ಹೊಲದ ಕೂಲಿಗಾರನಿಗೆ ನಿವೃತ್ತಿವೇತನವೆಲ್ಲಿಯದು? ಬಡ ಕೃಷಿಕಾರ್ಮಿಕರು, ನೇಕಾರರು ಮೊದಲಾದವರಲ್ಲಿ 65 ವರ್ಷ ತುಂಬಿದವರಿಗಾಗಿ ರಾಜ್ಯ ಸರಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಮೊದಲು ತಿಂಗಳಿಗೆ 400 ರೂಪಾಯಿ. ಮುಂದೆ ಮೊತ್ತವೂ ಏರಿತು, ಬೆಲೆಗಳೂ ಏರಿದವು.

ಅದೇ ವರ್ಷ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿಯೇ ಪ್ರತ್ಯೇಕ ಕಾಯ್ದೆಯೊಂದನ್ನು ರಚಿಸಿತು. ಮಕ್ಕಳು ಕೈಬಿಟ್ಟವರು ಉಪವಿಭಾಗದ ನ್ಯಾಯಮಂಡಳಿಯ ಮುಂದೆ ಜೀವನಾಂಶವನ್ನು ಕೇಳಬಹುದು. ಮಂಗಸೂಳಿಯವರು ಅದಕ್ಕಾಗಿ ಚಿಕ್ಕೋಡಿಗೆ ಹೋಗಬೇಕು. ದಾರಿಯೇನೋ ಸವೆದೀತು, ಹೆತ್ತ ಮಗನ ಮೇಲೆ ದೂರು ಬರೆಯಿಸಲು ಯಾವ ತಾಯಿಯ ಮನಸ್ಸು ಒಪ್ಪೀತು? ಇದನ್ನರಿತೇ ಇರಬೇಕು, ಅರ್ಜಿ ಬಾರದಿದ್ದರೂ ಮಂಡಳಿಯು ತಾನಾಗಿಯೇ ವಿಚಾರಣೆ ಕೈಗೊಳ್ಳಲು ಕಾಯ್ದೆಯು ಅವಕಾಶ ಕೊಟ್ಟಿದೆ.