ಅಮೆರಿಕದ ಎರಡು ಬಗೆಯ ವೈದ್ಯಕೀಯ ಕಾಲೇಜುಗಳು ಮತ್ತು ಪ್ರವೇಶಾರ್ಜಿಯ ವಿಚಾರ

ನಮ್ಮ ಶಾಲೆಯಲ್ಲಿ ಕಲಿತು, ಈಗ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರಿಂದ ಕಳೆದ ವರ್ಷ ನಮಗೊಂದು ಪತ್ರ ಬಂದಿತು. ಅವರ ಮಗಳಿಗೆ ಅಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆತಿತ್ತು. ಆದರೆ ಪತ್ರದಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಗಿ ಕಾಣುತ್ತಿದ್ದಿತು. ಆ ಕಾಲೇಜು ಕೊಡುವ ಪದವಿ ಎಂ.ಡಿ. ಅಲ್ಲ, ಡಿ.ಓ. ಊರಿನ ಬಂಧುಗಳೊಬ್ಬರು, "ಅದು ಎಲುಬು ತಿಕ್ಕುವ ವಿದ್ಯೆಯಲ್ಲವೆ? ಅದಕ್ಕಾಗಿ ಅಷ್ಟು ಓದಬೇಕಿತ್ತೆ?" ಎಂದು ಕೇಳಿದರಂತೆ. ಅಂದಿನಿಂದ ಆ ಹುಡುಗಿ ತನ್ನ ಸುದ್ದಿಯನ್ನು ಊರಿನಲ್ಲಿ ಯಾರಿಗೂ ಹೇಳಬೇಡಿರೆಂದು ತಂದೆಯನ್ನು ಬೇಡಿಕೊಂಡಿದ್ದಳು. "ಎರಡೂ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕೆಂದು ಹೇಳಿದವನು ನಾನೇ. ತಪ್ಪು ಮಾಡಿದೆನೆ?" ಎಂದು ತಂದೆ ಕೇಳಿದ್ದರು.

ಉತ್ತರ ಬರೆಯುವ ಮುನ್ನ ನಾವು ಈ ವಿಷಯವನ್ನು ಕುರಿತು ಓದಿ ತಿಳಿಯಬೇಕಾಯಿತು. ಹಾಗೆ ತಿಳಿದುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

ಹೆಸರುಗಳ ಅರ್ಥ

'ಅಲೋಪತಿ' ಎಂಬ ಮಾತನ್ನು ನಾವೆಲ್ಲರೂ ಬಳಸುತ್ತೇವೆ. ಆದರೆ ಅದು ಆ ಪದ್ಧತಿಯವರು ತಾವೇ ಇಟ್ಟುಕೊಂಡ ಹೆಸರಲ್ಲ. ಹೋಮಿಯೋಪತಿಯ ಸ್ಥಾಪಕನಾದ ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ನನು ತನ್ನ ಎದುರಾಳಿಗಳನ್ನು ಗುರುತಿಸಲು ಗ್ರೀಕ್ ಶಬ್ದಗಳಿಂದ ಕಟ್ಟಿದ ಹೆಸರದು. ಅಮೆರಿಕದಲ್ಲಿ ಎಂ.ಡಿ. ಪದವಿ ಕೊಡುವ ಕಾಲೇಜುಗಳನ್ನು ರೂಢಿಯಲ್ಲಿ ಅಲೋಪತಿಕ್ ಕಾಲೇಜುಗಳೆನ್ನುತ್ತಾರೆ. 'ಆಸ್ಟಿಯೋಪತಿ' ಎಂಬುದರಲ್ಲಿ ಎಲುಬು ಎಂಬ ಅರ್ಥದ ಗ್ರೀಕ್ ಶಬ್ದವಿದೆ. ಈ ಮಾರ್ಗದ ಕಾಲೇಜುಗಳು ಕೊಡುವ ಪದವಿ ಡಿ.ಓ. ಹೆಸರಿನಲ್ಲಿ ಎಲುಬಿದ್ದ ಮಾತ್ರಕ್ಕೆ ಇಂದಿನ ಡಿ.ಓ. ವೈದ್ಯನು ಎಲುಬಿನ ವೈದ್ಯನೆಂದು ತಿಳಿಯಬಾರದು.

ಒಂದು ಮಗುವಲ್ಲ, ಮೂರು ಮಕ್ಕಳು

ಆಸ್ಟಿಯೋಪತಿಯ ಮೂಲಪುರುಷನು ಆಂಡ್ರೂ ಟೇಲರ್ ಸ್ಟಿಲ್. ೧೮೨೮ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಈತನು ಕಾನ್ಸಾಸ್ ಸೀಮೆಯಲ್ಲಿ ವೈದ್ಯನಾಗಿದ್ದನು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಸೇವೆ ಸಲ್ಲಿಸಿದನು. ೧೮೬೪ರಲ್ಲಿ ಮೆದುಳಿನ ಪೊರೆಯ ಉರಿಯೂತವೆಂಬ ರೋಗವು ಅವನ ಮನೆಯನ್ನು ಹೊಕ್ಕು ಮೂವರು ಮಕ್ಕಳನ್ನು ಬಲಿ ತೆಗೆದುಕೊಂಡಿತು. ತಾನೇ ವೈದ್ಯನಾಗಿದ್ದರೂ, ಬೇರೆ ವೈದ್ಯರನ್ನು ಕರೆಸಿದರೂ, ಯಾವ ಔಷಧವೂ ಅವರನ್ನು ಉಳಿಸಲಿಲ್ಲ. ಆ ಕಾಲದ ಔಷಧಗಳೆಂದರೆ ಪಾದರಸದ ಲವಣ, ಅಫೀಮು, ಮದ್ಯಸಾರ ಮೊದಲಾದವು. ರೋಗಿಯ ರಕ್ತವನ್ನು ಹೊರಗೆ ಬಿಡುವ ಪದ್ಧತಿಯೂ ಪೂರ್ತಿ ಅಳಿದಿರಲಿಲ್ಲ. ಇಂಥ ಚಿಕಿತ್ಸೆಯಲ್ಲಿ ಸ್ಟಿಲ್ಲನ ನಂಬಿಕೆ ಕುಸಿದುಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ದೇಹದ ರಚನೆ ಸರಿಯಿದ್ದರೆ ಅದರ ಕಾರ್ಯವೂ ಸರಿಯಿರುವುದು, ದೇಹಕ್ಕೆ ತನ್ನನ್ನು ತಾನೇ ವಾಸಿಮಾಡಿಕೊಳ್ಳುವ ಶಕ್ತಿಯಿದೆ, ಎಲುಬು ಸ್ನಾಯುಗಳನ್ನು ಕೈಯಿಂದ ಸರಿಪಡಿಸಿ ಆ ಶಕ್ತಿಗೆ ದಾರಿ ಮಾಡಿಕೊಡಬೇಕು ಎಂಬುದು ಅವನ ಸಿದ್ಧಾಂತ. ೧೮೭೪ರಲ್ಲಿ ಇದನ್ನು ಸಾರಿ, ೧೮೯೨ರಲ್ಲಿ ಮಿಸೌರಿ ಸಂಸ್ಥಾನದ ಕಿರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆಯನ್ನು ತೆರೆದನು. ಮೊದಲ ತರಗತಿಯಲ್ಲಿಯೇ ಸ್ತ್ರೀಯರಿಗೂ ಪ್ರವೇಶವಿದ್ದುದು ಗಮನಾರ್ಹ. ರೋಗಗಳೆಲ್ಲಕ್ಕೂ ಎಲುಬಿನ ಸ್ಥಾನಪಲ್ಲಟದಲ್ಲಿ ಮೂಲ ಹುಡುಕಿದುದು ಸ್ಟಿಲ್ಲನ ತಪ್ಪು. ರೋಗಾಣುಗಳ ವಿಜ್ಞಾನವು ಬೆಳೆದಂತೆ ಆ ಭಾಗವು ಬಿದ್ದುಹೋಯಿತು. ಅವನ ಶಿಷ್ಯಪರಂಪರೆಯು ಕ್ರಮೇಣ ಔಷಧ, ಶಸ್ತ್ರಚಿಕಿತ್ಸೆ, ಲಸಿಕೆ ಎಲ್ಲವನ್ನೂ ತನ್ನ ಪಾಠದಲ್ಲಿ ಸೇರಿಸಿಕೊಂಡಿತು.

ಮನ್ನಣೆಗಾಗಿ ನಡೆದ ಹೋರಾಟ

ಡಿ.ಓ. ವೈದ್ಯರಿಗೆ ಮೊಟ್ಟಮೊದಲು ೧೮೯೬ರಲ್ಲಿ ಪರವಾನಗಿ ಕೊಟ್ಟುದು ವರ್ಮಾಂಟ್ ಸಂಸ್ಥಾನ. ೧೯೧೦ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞನು ಅಮೆರಿಕ ಮತ್ತು ಕೆನಡಾದ ೧೫೫ ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯು ಎರಡೂ ಪಂಗಡಗಳ ಅರೆಕೊರೆಯ ಶಾಲೆಗಳನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿತು. ಅನೇಕ ಶಾಲೆಗಳು ಮುಚ್ಚಿದವು. ಉಳಿದವು ಪ್ರಯೋಗಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಂಡು ಸುಧಾರಿಸಿದವು.

ಎರಡನೆಯ ಮಹಾಯುದ್ಧದಲ್ಲಿಯೂ ಡಿ.ಓ. ಪದವೀಧರರನ್ನು ಸೈನ್ಯದ ವೈದ್ಯಾಧಿಕಾರಿಗಳಾಗಿ ನೇಮಿಸಿಕೊಳ್ಳಲಿಲ್ಲ; ಆ ಬಾಗಿಲು ತೆರೆದುದು ೧೯೬೬ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನಡೆದ ಘಟನೆಯಂತೂ ವಿಚಿತ್ರವಾದುದು. ೧೯೬೨ರಲ್ಲಿ ಅಲ್ಲಿನ ಆಸ್ಟಿಯೋಪತಿ ಕಾಲೇಜನ್ನು ಎಂ.ಡಿ. ಕಾಲೇಜನ್ನಾಗಿ ಮಾರ್ಪಡಿಸಿ, ಸುಮಾರು ೨೦೦೦ ಮಂದಿ ಡಿ.ಓ. ವೈದ್ಯರಿಗೆ ೬೫ ಡಾಲರು ಶುಲ್ಕದ ಮೇಲೆ ಎಂ.ಡಿ. ಪದವಿಯನ್ನು ಕೊಡಲಾಯಿತು. ನಿನ್ನೆಯವರೆಗೆ ಕೀಳೆನಿಸಿಕೊಂಡಿದ್ದ ಅದೇ ವೈದ್ಯರು, ಅದೇ ಕೈ, ಅದೇ ಜ್ಞಾನ. ಬದಲಾದುದು ಎರಡಕ್ಷರ ಮಾತ್ರ. ಹೊಸ ಡಿ.ಓ.ಗಳಿಗೆ ಅಲ್ಲಿ ಪರವಾನಗಿ ನಿಂತುಹೋಯಿತು. ೧೯೭೪ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ಕೊಡಿಸಿತು. ಅಷ್ಟರಲ್ಲಿ, ೧೯೭೩ರ ಹೊತ್ತಿಗೆ, ಉಳಿದ ಸಂಸ್ಥಾನಗಳೆಲ್ಲವೂ ಡಿ.ಓ.ಗಳಿಗೆ ಪರವಾನಗಿ ಕೊಡತೊಡಗಿದ್ದವು.

ಈಗಿನ ಸ್ಥಿತಿ

ಇಂದು ಅಮೆರಿಕದಲ್ಲಿ ಎಂ.ಡಿ. ಕೊಡುವ ಕಾಲೇಜುಗಳು ನೂರೈವತ್ತಕ್ಕೂ ಮೇಲ್ಪಟ್ಟಿವೆ; ಡಿ.ಓ. ಕೊಡುವವು ನಲವತ್ತಕ್ಕೂ ಹೆಚ್ಚು. ವೈದ್ಯವಿದ್ಯಾರ್ಥಿಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಡಿ.ಓ. ಕಾಲೇಜುಗಳಲ್ಲಿದ್ದಾರೆ. ಎರಡರಲ್ಲಿಯೂ ವ್ಯಾಸಂಗ ನಾಲ್ಕು ವರ್ಷ. ತರುವಾಯ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿ. ಮೊದಲು ಈ ತರಬೇತಿಗೆ ಎರಡು ಬೇರೆ ಬೇರೆ ಮಾನ್ಯತಾ ವ್ಯವಸ್ಥೆಗಳಿದ್ದವು. ೨೦೨೦ರಲ್ಲಿ ಅವೆರಡೂ ಒಂದಾದವು. ಔಷಧ ಬರೆಯಲು, ಶಸ್ತ್ರಚಿಕಿತ್ಸೆ ಮಾಡಲು ಇಬ್ಬರಿಗೂ ಸಮಾನವಾದ ಅಧಿಕಾರವಿದೆ. ಅಮೆರಿಕದ ರಾಷ್ಟ್ರಾಧ್ಯಕ್ಷರ ವೈದ್ಯರಾಗಿ ೨೦೧೮ರಿಂದ ೨೦೨೧ರವರೆಗೆ ಇದ್ದ ಷಾನ್ ಕಾನ್ಲಿ, ಅವರ ನಂತರ ೨೦೨೫ರವರೆಗೆ ಇದ್ದ ಕೆವಿನ್ ಓಕಾನರ್, ಇಬ್ಬರೂ ಡಿ.ಓ. ಪದವೀಧರರು.

ಭೇದಗಳು ಇಲ್ಲವೆಂದಲ್ಲ. ಡಿ.ಓ. ವಿದ್ಯಾರ್ಥಿಯು ಕೈಚಿಕಿತ್ಸೆಯಲ್ಲಿ ಸುಮಾರು ೨೦೦ ಗಂಟೆಗಳ ಹೆಚ್ಚಿನ ಶಿಕ್ಷಣವನ್ನು ಪಡೆಯುತ್ತಾನೆ. ಕೆಳಬೆನ್ನಿನ ನೋವಿನಂಥ ಬಾಧೆಗಳಲ್ಲಿ ಈ ಚಿಕಿತ್ಸೆಯಿಂದ ಕೆಲಮಟ್ಟಿನ ಪ್ರಯೋಜನವುಂಟು. ಆದರೆ ತಲೆಬುರುಡೆಯ ಎಲುಬುಗಳನ್ನು ಒತ್ತಿ ರೋಗ ಕಳೆಯುವೆವೆಂಬ ಅದರ ಒಂದು ಶಾಖೆಗೆ ವಿಜ್ಞಾನದ ಆಧಾರವಿಲ್ಲ. ಡಿ.ಓ. ವೈದ್ಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕುಟುಂಬವೈದ್ಯ, ಮಕ್ಕಳ ವೈದ್ಯ ಮುಂತಾದ ಪ್ರಾಥಮಿಕ ಚಿಕಿತ್ಸೆಯಲ್ಲಿಯೇ ನಿಲ್ಲುತ್ತಾರೆ. ನರಶಸ್ತ್ರಚಿಕಿತ್ಸೆಯಂಥ ಕೆಲವು ವಿಭಾಗಗಳಲ್ಲಿ ಅವರಿಗೆ ಸ್ಥಾನ ದೊರೆಯುವುದು ಇಂದಿಗೂ ಹೆಚ್ಚು ಕಷ್ಟ. ಅನೇಕ ಡಿ.ಓ. ಕಾಲೇಜುಗಳಿಗೆ ಸ್ವಂತ ದೊಡ್ಡ ಆಸ್ಪತ್ರೆಯಿಲ್ಲದೆ, ವಿದ್ಯಾರ್ಥಿಗಳು ಮೂರನೆಯ ವರ್ಷದಿಂದ ದೂರದ ಊರುಗಳ ಆಸ್ಪತ್ರೆಗಳಿಗೆ ಹೋಗಬೇಕಾಗುವುದು. ಇದನ್ನೆಲ್ಲ ಮೊದಲೇ ಅರಿತಿರುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆ. ಈ ಮಾತುಗಳು ಅಮೆರಿಕದ ಡಿ.ಓ. ಪದವಿಗೆ ಮಾತ್ರ ಅನ್ವಯಿಸುತ್ತವೆ. ಇಂಗ್ಲೆಂಡಿನಲ್ಲಿ ೧೯೯೩ರ ಕಾಯಿದೆಯ ಮೇರೆಗೆ ನೋಂದಣಿ ಪಡೆದ ಆಸ್ಟಿಯೋಪಾತನು ಕೈಚಿಕಿತ್ಸಕನೇ ಹೊರತು ಪೂರ್ಣ ವೈದ್ಯನಲ್ಲ. ಒಂದೇ ಹೆಸರು ಎರಡು ದೇಶಗಳಲ್ಲಿ ಎರಡು ಅರ್ಥ ಕೊಡುವುದರಿಂದಲೇ ನಮ್ಮ ಬಂಧುಗಳಿಗೆ ಭ್ರಾಂತಿಯುಂಟಾದುದು.

ಅರ್ಜಿಯ ಕ್ರಮ

ನಮ್ಮಲ್ಲಿ ಪ್ಲಸ್ ಟು ಮುಗಿಸಿದವರು 'ನೀಟ್' ಪರೀಕ್ಷೆಗೆ ಕೂರುತ್ತಾರೆ. ೭೨೦ ಅಂಕಗಳಲ್ಲಿ ಎಷ್ಟು ಬಂದಿತೆಂಬುದರ ಮೇಲೆ ಸ್ಥಾನ ನಿಶ್ಚಯವಾಗುವುದು. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ವ್ಯಾಸಂಗದ ಬಳಿಕವೇ ವೈದ್ಯಕೀಯಕ್ಕೆ ಪ್ರವೇಶ. ಎರಡು ಬಗೆಯ ಕಾಲೇಜುಗಳಿಗೂ 'ಎಂಕ್ಯಾಟ್' ಎಂಬ ಒಂದೇ ಪರೀಕ್ಷೆಯಿದೆ. ಅದರಲ್ಲಿ ನಾಲ್ಕು ಭಾಗಗಳು. ಒಟ್ಟು ಅಂಕ ೪೭೨ರಿಂದ ೫೨೮ರವರೆಗೆ. ಇತ್ತೀಚಿನ ವರ್ಷಗಳಲ್ಲಿ ಎಂ.ಡಿ. ಕಾಲೇಜು ಸೇರಿದವರ ಸರಾಸರಿ ೫೧೧–೫೧೨ರ ಆಸುಪಾಸಿನಲ್ಲಿದೆ, ಡಿ.ಓ. ಕಾಲೇಜು ಸೇರಿದವರದು ೫೦೪ರ ಆಸುಪಾಸಿನಲ್ಲಿ. ಆದರೆ ಅಂಕವೊಂದೇ ಅಲ್ಲಿ ತೀರ್ಪು ಹೇಳುವುದಿಲ್ಲ. ಸೇವೆ, ಅನುಭವ, ಅಧ್ಯಾಪಕರ ಪತ್ರ, ಸಂದರ್ಶನ ಇವೆಲ್ಲವೂ ತೂಗುತ್ತವೆ.

ಎಂ.ಡಿ. ಕಾಲೇಜುಗಳಿಗೆ 'ಆಮ್ಕಾಸ್' ಎಂಬ ಕೇಂದ್ರದ ಮೂಲಕವೂ, ಡಿ.ಓ. ಕಾಲೇಜುಗಳಿಗೆ 'ಅಕೋಮಾಸ್' ಎಂಬ ಇನ್ನೊಂದು ಕೇಂದ್ರದ ಮೂಲಕವೂ ಅರ್ಜಿ ಕಳುಹಬೇಕು. ಟೆಕ್ಸಾಸಿನಲ್ಲಿ ಮಾತ್ರ ಸರ್ಕಾರಿ ಕಾಲೇಜುಗಳಿಗೆ, ಎಂ.ಡಿ.ಯಾಗಲಿ ಡಿ.ಓ. ಆಗಲಿ, ಪ್ರತ್ಯೇಕವಾದ ಒಂದೇ ಅರ್ಜಿಯಿದೆ. ಎರಡೂ ಕೇಂದ್ರಗಳು ಮೇ ತಿಂಗಳ ಮೊದಲಲ್ಲಿ ತೆರೆಯುತ್ತವೆ. ಮೊದಲು ಬಂದ ಅರ್ಜಿಯನ್ನು ಮೊದಲು ನೋಡುವ ಪದ್ಧತಿ ಹೆಚ್ಚಿನ ಕಾಲೇಜುಗಳಲ್ಲಿರುವುದರಿಂದ ವಿಳಂಬ ಮಾಡಿದವನು ನಷ್ಟ ಹೊಂದುತ್ತಾನೆ.

ಎರಡು ಕಡೆಗೂ ಅರ್ಜಿ ಹಾಕುವವರು ಗಮನಿಸಬೇಕಾದ ಅಂಶಗಳಿವು:

೧. ಒಂದೇ ಅಂಕಪಟ್ಟಿಯಿಂದ ಎರಡು ಸರಾಸರಿಗಳು ಹೊರಡುತ್ತವೆ. ಆಮ್ಕಾಸ್ ವಿಜ್ಞಾನದ ಸರಾಸರಿಯಲ್ಲಿ ಗಣಿತವನ್ನೂ ಸೇರಿಸುತ್ತದೆ, ಅಕೋಮಾಸ್ ಸೇರಿಸುವುದಿಲ್ಲ. ಹಿಂದೆ ಅಕೋಮಾಸಿನಲ್ಲಿ ಒಂದು ವಿಷಯವನ್ನು ಮತ್ತೆ ಓದಿ ಪಾಸಾದರೆ ಹಳೆಯ ಅಂಕವನ್ನು ಬಿಟ್ಟುಬಿಡುತ್ತಿದ್ದರು. ೨೦೧೭ರಿಂದ ಆ ಅನುಕೂಲವಿಲ್ಲ.

೨. 'ನಾನೇಕೆ ವೈದ್ಯನಾಗಬೇಕು' ಎಂಬ ಸ್ವನಿವೇದನೆಯನ್ನು ಎರಡೂ ಕಡೆ ಬರೆಯಬೇಕು. ಒಂದನ್ನೇ ನಕಲು ಮಾಡಿ ಪದವಿಯ ಹೆಸರನ್ನು ಮಾತ್ರ ತಿದ್ದುವವರಿದ್ದಾರೆ. ತಿದ್ದಲು ಮರೆತವರೂ ಇದ್ದಾರೆ! ಡಿ.ಓ. ಕಾಲೇಜಿನ ಪರೀಕ್ಷಕರು "ಇಲ್ಲಿಗೇ ಏಕೆ ಬಂದೆ?" ಎಂದು ಕೇಳದೆ ಬಿಡುವುದಿಲ್ಲ. "ಅಲ್ಲಿ ಸಿಗಲಿಲ್ಲ" ಎಂಬುದು ಉತ್ತರವಲ್ಲ.

೩. ಹಲವು ಡಿ.ಓ. ಕಾಲೇಜುಗಳು ಡಿ.ಓ. ವೈದ್ಯರೊಬ್ಬರ ಪರಿಚಯಪತ್ರವನ್ನು ಅಪೇಕ್ಷಿಸುತ್ತವೆ. ಅಂಥವರೊಡನೆ ಕೆಲವು ದಿನ ಇದ್ದು ಅವರ ಕೆಲಸವನ್ನು ಕಣ್ಣಾರೆ ಕಾಣದೆ ಪತ್ರ ಕೇಳುವುದು ಸರಿಯಲ್ಲ.

೪. ಪ್ರತಿಯೊಂದು ಕಾಲೇಜಿನ ಹೆಸರು ಸೇರಿಸಿದಂತೆ ಶುಲ್ಕ ಏರುತ್ತದೆ. ಆ ಮೇಲೆ ಕಾಲೇಜುಗಳು ಕೇಳುವ ಎರಡನೆಯ ಅರ್ಜಿಗೆ ಬೇರೆ ಶುಲ್ಕ. ಪಟ್ಟಿಯನ್ನು ಮನಸ್ಸಿಗೆ ಬಂದಂತೆ ಉದ್ದ ಮಾಡಬಾರದು.

೫. ಸ್ಥಾನ ದೊರೆತ ಮೇಲೆ ಡಿ.ಓ. ಕಾಲೇಜುಗಳು ಹಲವೊಮ್ಮೆ ದೊಡ್ಡ ಠೇವಣಿಯನ್ನು ಬೇಗನೆ ಕೇಳುತ್ತವೆ. ಅದು ಹಿಂದಕ್ಕೆ ಬರುವುದಿಲ್ಲ. ಎಂ.ಡಿ. ಕಾಲೇಜುಗಳ ಠೇವಣಿ ಸಾಮಾನ್ಯವಾಗಿ ಚಿಕ್ಕದು. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನ ದೊರೆತವರು ಏಪ್ರಿಲ್ ೩೦ರೊಳಗೆ ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಡಬೇಕು. ಬೇಡವಾದ ಸ್ಥಾನವನ್ನು ಹಿಡಿದುಕೊಂಡು ಕೂರುವುದು ಕಾದಿರುವ ಇನ್ನೊಬ್ಬರ ಮಗುವಿಗೆ ಮಾಡುವ ಅನ್ಯಾಯ.

೬. ಡಿ.ಓ. ವಿದ್ಯಾರ್ಥಿಯು ತನ್ನ ಮಾರ್ಗದ 'ಕಾಮ್ಲೆಕ್ಸ್' ಪರೀಕ್ಷೆಯನ್ನು ಮುಗಿಸಲೇಬೇಕು. ಕೆಲವು ರೆಸಿಡೆನ್ಸಿಗಳ ಸಲುವಾಗಿ ಎಂ.ಡಿ.ಗಳ ಪರೀಕ್ಷೆಯನ್ನೂ ಬರೆಯುವವರು ಅನೇಕರು. ಎರಡು ಪರೀಕ್ಷೆಯೆಂದರೆ ಎರಡರಷ್ಟು ಹಣ, ಎರಡರಷ್ಟು ಶ್ರಮ.

ನಮ್ಮ ಮಕ್ಕಳಿಗೆ ಒಂದು ಮಾತು

ಪ್ಲಸ್ ಟು ಮುಗಿಸಿ ನೇರವಾಗಿ ಅಮೆರಿಕದ ವೈದ್ಯಕೀಯ ಕಾಲೇಜಿಗೆ ಹೋಗಬಹುದೆಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಬೇಕು. ಅನ್ಯದೇಶದ ಪ್ರಜೆಗಳನ್ನು ತೆಗೆದುಕೊಳ್ಳುವ ಕಾಲೇಜುಗಳು ಎರಡು ಬಗೆಯಲ್ಲಿಯೂ ಕಡಿಮೆ. ಅವುಗಳಲ್ಲಿ ಹೆಚ್ಚಿನವು ಅಲ್ಲಿನ ಪದವಿ ವ್ಯಾಸಂಗವನ್ನು ನಿರೀಕ್ಷಿಸುತ್ತವೆ. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾಸಾಲವು ಸಾಮಾನ್ಯ ವಿದೇಶೀ ವಿದ್ಯಾರ್ಥಿಗೆ ದೊರೆಯುವುದಿಲ್ಲ. ಆದುದರಿಂದ ಇದು ಮುಖ್ಯವಾಗಿ ಅಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಸಂಬಂಧಿಸಿದ ವಿಷಯ.

ಹಾಗಾದರೆ ನಮಗೇನು ಪಾಠ? ಗಡಿನಾಡಿನ ನಮ್ಮ ಮಕ್ಕಳು ಎರಡು ಕಡೆಗೂ ಅರ್ಜಿ ಹಾಕುವುದನ್ನು ಬಲ್ಲರು. ತಾವಿರುವ ರಾಜ್ಯದ ಪಟ್ಟಿಗೆ ಒಂದು, ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಪಟ್ಟಿಗೆ ಇನ್ನೊಂದು. ಎರಡು ಬಗೆಯ ದಾಖಲೆ, ಎರಡು ಕಚೇರಿ, ಎರಡು ಕೊನೆಯ ದಿನಾಂಕ. ಕನ್ನಡ ಮಾಧ್ಯಮದಲ್ಲಿ ಓದಿದೆವೆಂದಾಗ "ಹಾಗೆಂದರೆ ಕಡಿಮೆಯೆ?" ಎಂಬ ಪ್ರಶ್ನೆಯನ್ನೂ ಅವರು ಕೇಳಿಬಲ್ಲರು. ಹೆಸರನ್ನು ನೋಡಿ ವಿದ್ಯೆಯನ್ನು ಅಳೆಯುವ ದುಃಖವನ್ನು ಉಂಡ ನಾವೇ ಇನ್ನೊಬ್ಬರ ಮಗಳಿಗೆ ಅದನ್ನು ಉಣಿಸಬಾರದು.

ಆ ತಂದೆಗೆ ನಾವು ಹೀಗೆ ಉತ್ತರ ಬರೆದೆವು: "ಎರಡು ಕಡೆಗೂ ಅರ್ಜಿ ಹಾಕಿಸಿದುದು ತಪ್ಪಲ್ಲ. ಎರಡನೆಯದೇನೆಂದು ಮಗಳಿಗೂ ಮನೆಯವರಿಗೂ ಮೊದಲೇ ತಿಳಿಸದೆ ಹೋದುದಷ್ಟೇ ಕೊರತೆ. ಈಗ ಊರಿನವರಿಗೆ ನೀವೇ ತಿಳಿಸಿರಿ. ಕೇಳಿದವರಿಗೆ ನಾವೂ ಹೇಳುತ್ತೇವೆ." ಎರಡು ತಿಂಗಳಲ್ಲಿ ಮರುಪತ್ರ ಬಂದಿತು. ಹುಡುಗಿಯು ತನ್ನ ಅಜ್ಜಿಗೆ ದೂರವಾಣಿ ಮಾಡಿ ತಾನೇ ಸುದ್ದಿ ಹೇಳಿದಳಂತೆ. ಅಜ್ಜಿ ಪದವಿಯ ಹೆಸರನ್ನು ಕೇಳಲೇ ಇಲ್ಲ; "ನನ್ನ ಮೊಣಕಾಲು ನೋವಿಗೆ ಏನಾದರೂ ಕಲಿಸುತ್ತಾರೆಯೆ?" ಎಂದು ಕೇಳಿದರಂತೆ.

ಅಭ್ಯಾಸದ ಪ್ರಶ್ನೆಗಳು

೧. 'ಅಲೋಪತಿ' ಎಂಬ ಹೆಸರನ್ನು ಯಾರು ಇಟ್ಟರು? ಏಕೆ?

೨. ಸ್ಟಿಲ್ಲನ ಸಿದ್ಧಾಂತದಲ್ಲಿ ಉಳಿದುದು ಯಾವುದು, ಬಿದ್ದುಹೋದುದು ಯಾವುದು?

೩. ೧೯೬೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದುದರಿಂದ ನೀವು ಏನನ್ನು ಕಲಿತಿರಿ?

೪. ಅಮೆರಿಕದ ಡಿ.ಓ. ವೈದ್ಯನಿಗೂ ಇಂಗ್ಲೆಂಡಿನ ಆಸ್ಟಿಯೋಪಾತನಿಗೂ ಇರುವ ಭೇದವನ್ನು ನಿಮ್ಮ ಮನೆಯ ಹಿರಿಯರೊಬ್ಬರಿಗೆ ವಿವರಿಸಿ ಹೇಳಿರಿ.