ಹಾಪ್ಸ್ ಬಳಕೆ: ಕಹಿ, ರುಚಿ ಮತ್ತು ಪರಿಮಳದ ಲೆಕ್ಕಾಚಾರ

ಬಿಯರ್ ತಯಾರಿಕೆಯು ಕರ್ನಾಟಕಕ್ಕೆ ಹೊಸ ಉದ್ಯಮವಲ್ಲ. 1915ರಲ್ಲಿ ಸ್ಥಾಪನೆಯಾದ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. 2010ರ ದಶಕದಲ್ಲಿ ಇದೇ ನಗರದಲ್ಲಿ, ಗ್ರಾಹಕರ ಕಣ್ಣೆದುರೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ಒಂದೊಂದಾಗಿ ಆರಂಭವಾದವು. ಇಂತಹ ಕಿರು ಘಟಕಗಳು ತಮ್ಮ ಪಾನೀಯಕ್ಕೆ ಪ್ರತ್ಯೇಕತೆ ತಂದುಕೊಳ್ಳುವ ಮುಖ್ಯ ಸಾಧನವೆಂದರೆ ಹಾಪ್ಸ್ ಎಂಬ ಬಳ್ಳಿಯ ಹೂವು.

ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಸನ್ನದು ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಆದುದರಿಂದ ಅನೇಕ ದೇಶಗಳಲ್ಲಿ ಮನೆಯ ಹವ್ಯಾಸವಾಗಿಯೂ ಬೆಳೆದಿರುವ ಈ ವಿದ್ಯೆಯನ್ನು, ಇಲ್ಲಿ ಸನ್ನದುದಾರ ಕಿರು ಘಟಕಗಳ ಹಾಗೂ ಅವುಗಳಿಗೆ ಸರಕು ಪೂರೈಸುವ ವರ್ತಕರ ದೃಷ್ಟಿಯಿಂದ ವಿವರಿಸಲಾಗಿದೆ.

ಹೂವಿನಲ್ಲಿರುವುದೇನು?

ಹಾಪ್ಸ್‌ನ ಹೆಣ್ಣು ಹೂವಿನಲ್ಲಿ ಲುಪುಲಿನ್ ಎಂಬ ಹಳದಿ ಪುಡಿಯಿರುತ್ತದೆ. ಇದರಲ್ಲಿರುವ ಆಲ್ಫಾ ಆಮ್ಲಗಳು ಕಹಿಗೆ ಕಾರಣ; ಸುಗಂಧ ತೈಲಗಳು ಪರಿಮಳಕ್ಕೆ ಕಾರಣ. ಇವೆರಡರ ಸ್ವಭಾವ ಪರಸ್ಪರ ವಿರುದ್ಧವಾದುದು. ಆಲ್ಫಾ ಆಮ್ಲವು ದೀರ್ಘಕಾಲ ಕುದಿದಾಗ ಮಾತ್ರ ರೂಪಾಂತರಗೊಂಡು ಕಹಿಯಾಗಿ ಬೆರೆಯುತ್ತದೆ. ತೈಲವು ಕುದಿದಷ್ಟೂ ಹಬೆಯೊಡನೆ ಹಾರಿಹೋಗುತ್ತದೆ. ಆದ್ದರಿಂದ ಯಾವ ಹಾಪ್ಸ್ ಎಂಬುದರಷ್ಟೇ, ಅದನ್ನು ಯಾವಾಗ ಹಾಕಬೇಕು ಎಂಬುದೂ ಮುಖ್ಯ.

ಹಾಕುವ ಸಮಯ

1. ಕುದಿತದ ಆರಂಭದಲ್ಲಿ: ಮೊಳಕೆ ಬಾರ್ಲಿಯ ಸಿಹಿ ರಸವಾದ ವರ್ಟ್ ಕುದಿಯಲಾರಂಭಿಸಿದಾಗ ಹಾಕಿ 60 ನಿಮಿಷ ಕುದಿಸಿದರೆ ಕಹಿ ಮಾತ್ರ ಉಳಿಯುತ್ತದೆ.
2. ಕೊನೆಯ 10ರಿಂದ 15 ನಿಮಿಷದಲ್ಲಿ: ಅಲ್ಪ ಕಹಿಯೊಡನೆ ಹಾಪ್ಸ್‌ನ ರುಚಿ ದೊರೆಯುತ್ತದೆ.
3. ಉರಿ ನಿಲ್ಲಿಸಿದ ಬಳಿಕ: ವರ್ಟ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಹಾಕಿದರೆ ಕಹಿ ಕಡಿಮೆ, ಪರಿಮಳ ಹೆಚ್ಚು.
4. ಹುದುಗುವಿಕೆ ಮುಗಿಯುವ ಹಂತದಲ್ಲಿ: ತಣ್ಣನೆಯ ಬಿಯರಿಗೆ ಲೀಟರಿಗೆ 2ರಿಂದ 5 ಗ್ರಾಂನಂತೆ ಹಾಕಿ ಮೂರು ನಾಲ್ಕು ದಿನ ಬಿಟ್ಟರೆ ಹಸಿ ಹೂವಿನ ಪರಿಮಳ ಬರುತ್ತದೆ. ಈ ಹಂತದಲ್ಲಿ ಗಾಳಿ ಸೇರದಂತೆ ಎಚ್ಚರ ವಹಿಸಬೇಕು.

ಒಂದು ಉದಾಹರಣೆ

1000 ಲೀಟರ್ ವರ್ಟ್‌ಗೆ ಶೇ. 10 ಆಲ್ಫಾ ಆಮ್ಲವಿರುವ 1.25 ಕಿಲೋ ಹಾಪ್ಸ್ ಹಾಕಲಾಯಿತೆಂದು ಭಾವಿಸೋಣ. ಆಗ ಲೀಟರಿಗೆ 125 ಮಿಲಿಗ್ರಾಂ ಆಲ್ಫಾ ಆಮ್ಲ ಸೇರುತ್ತದೆ. ಸಾಧಾರಣ ಸಾಂದ್ರತೆಯ ವರ್ಟ್ 60 ನಿಮಿಷ ಕುದಿದರೆ ಅದರಲ್ಲಿ ಸುಮಾರು ಶೇ. 23 ಮಾತ್ರ ಕಹಿಯಾಗುತ್ತದೆ, ಅಂದರೆ ಐ.ಬಿ.ಯು. ಎಂಬ ಕಹಿಮಾನದಲ್ಲಿ ಸುಮಾರು 29. ಅದೇ ಪ್ರಮಾಣವನ್ನು ಕೊನೆಯ 10 ನಿಮಿಷದಲ್ಲಿ ಹಾಕಿದರೆ ಸುಮಾರು 10 ಮಾತ್ರ. ಪರಿಮಳದ ಹಾಪ್ಸ್‌ನಿಂದಲೇ ಕಹಿಯನ್ನೂ ಪಡೆಯಲು ಹೊರಟರೆ ಖರ್ಚು ಹೆಚ್ಚುವುದು ಹೀಗೆ.

ಖರೀದಿಯ ಸೂತ್ರ

ಕಹಿಗಾಗಿ ಕೊಳ್ಳುವಾಗ ಕಿಲೋ ಬೆಲೆಯನ್ನಷ್ಟೇ ನೋಡಬಾರದು. ಶೇ. 5 ಆಲ್ಫಾ ಇರುವ ತಳಿಗಿಂತ ಶೇ. 15 ಇರುವ ತಳಿಯು ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಬೆಲೆ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ಎರಡನೆಯದೇ ಲಾಭಕರ. ಪರಿಮಳಕ್ಕಾದರೆ ತಳಿಯ ಗುಣ ಮುಖ್ಯ: ಚೆಕ್ ದೇಶದ ಸಾಜ್ ಮೃದುವಾದ ಮಸಾಲೆಯ ವಾಸನೆ ಕೊಡುತ್ತದೆ, ಅಮೆರಿಕದ ಕ್ಯಾಸ್ಕೇಡ್ ಮತ್ತು ಸಿಟ್ರಾ ತಳಿಗಳಲ್ಲಿ ಕಿತ್ತಳೆ ಜಾತಿಯ ಹಣ್ಣುಗಳ ವಾಸನೆ ಪ್ರಧಾನ.

ದಾಸ್ತಾನು

ಹಾಪ್ಸ್ ಬಳ್ಳಿ ಹೂ ಬಿಡಲು ಬೇಸಿಗೆಯ ದೀರ್ಘ ಹಗಲು ಬೇಕಾದುದರಿಂದ ಅದರ ಕೃಷಿ ಮುಖ್ಯವಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ಪ್ರದೇಶಗಳಿಗೆ ಸೇರಿದ್ದು. ಕರ್ನಾಟಕವು ಆ ವಲಯದಿಂದ ಬಹು ದಕ್ಷಿಣಕ್ಕಿದೆ. ದೂರದಿಂದ ಬರುವ ಸರಕಾದ್ದರಿಂದ ದಾಸ್ತಾನಿನ ಪ್ರಶ್ನೆ ಗಂಭೀರವಾದುದು. ಹೂವಿನ ಬೆಲೆ ಅದರ ತಾಜಾತನದಲ್ಲಿದೆ ಎಂಬುದನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಹೂವಿನ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಒಣಗಿಸಿದ ಹಾಪ್ಸ್‌ಗೂ ಇದೇ ಮಾತು ಸಲ್ಲುತ್ತದೆ. ಶಾಖ ಮತ್ತು ಗಾಳಿ ತಗುಲಿದರೆ ಆಲ್ಫಾ ಆಮ್ಲ ಕುಗ್ಗಿ ಹಳಸಿದ ಗಿಣ್ಣಿನಂತಹ ವಾಸನೆ ಹುಟ್ಟುತ್ತದೆ.

ಆದ್ದರಿಂದ ಪೊಟ್ಟಣದ ಮೇಲೆ ಕೊಯ್ಲಿನ ವರ್ಷ, ಆಲ್ಫಾ ಪ್ರಮಾಣ ಮತ್ತು ತೈಲದ ಪ್ರಮಾಣ ನಮೂದಾಗಿದೆಯೇ ಎಂದು ಪರಿಶೀಲಿಸಬೇಕು. ಗಾಳಿ ತೆಗೆದು ಮುಚ್ಚಿದ ಪೊಟ್ಟಣಗಳನ್ನೇ ಕೊಂಡು, ಸೊನ್ನೆ ಡಿಗ್ರಿಗಿಂತ ಕೆಳಗಿನ ಶೈತ್ಯದಲ್ಲಿರಿಸಬೇಕು. ಒಡೆದ ಪೊಟ್ಟಣವನ್ನು ಬೇಗನೆ ಬಳಸಿ ಮುಗಿಸಬೇಕು. ಸಿದ್ಧ ಬಿಯರಿಗೂ ಬೆಳಕು ವೈರಿ. ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ಅಂಶವೇ ದುರ್ವಾಸನೆಗೆ ಕಾರಣವಾಗುತ್ತದೆ. ಕಂದು ಬಣ್ಣದ ಬಾಟಲಿಯ ಬಳಕೆ ಇದೇ ಕಾರಣಕ್ಕೆ.

ಕಹಿಗೆ ಅಗ್ಗದ ಆಲ್ಫಾ, ಪರಿಮಳಕ್ಕೆ ತಡವಾದ ಸೇರ್ಪಡೆ, ದಾಸ್ತಾನಿಗೆ ಶೈತ್ಯ: ಈ ಮೂರನ್ನು ಪಾಲಿಸುವ ಘಟಕವು ಕಡಿಮೆ ಹಾಪ್ಸ್‌ನಿಂದ ಉತ್ತಮ ಬಿಯರ್ ಪಡೆಯಬಲ್ಲದು.